ಮಹಾಪೂರದಲ್ಲಿ ನಿಂತಿದ್ದ ಎಂಎಂ 540, ಈಗ ಚಾಸಿ ಬಿರುಕು ಬಿಟ್ಟಿದೆ. ಪಟ್ಟಿ ಹೊಡೆಸಲಾ, ಗುಜರಿಗೆ ಹಾಕಲಾ?

ಘಟಪ್ರಭೆ_ದಂಡೆ (ಗೋಕಾಕ)

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಇದೆ, ಬೇಜಾರಾಗಬೇಡಿ.

ನನ್ನ ಹತ್ರ 1994ರ ಮಹೀಂದ್ರಾ ಎಂಎಂ 540 ಜೀಪು ಇದೆ. ಫೋರ್ ವೀಲ್, ಪೂಜೋ ಡೀಸೆಲ್ ಎಂಜಿನ್. ನಮ್ಮ ಸೋದರಮಾವ ಓಡಿಸುತ್ತಿದ್ದ ಗಾಡಿ, ಅವರ ಕೈಲಿ ಆಗದ ಮೇಲೆ ನನಗೆ ಬಂತು. ವರ್ಷವೆಲ್ಲ ಹೊಲದ ಕೆಲಸ. ಮಳೆಗಾಲದಲ್ಲಿ ಎರಡು ಮೂರು ಸಲ ದೋಸ್ತರ ಜೊತೆ ಜಾಂಬೋಟಿ, ಕಣಕುಂಬಿ ಕಡೆ ಕೆಸರಿಗೆ ಇಳಿಸುತ್ತೇನೆ.

2019ರ ಆಗಸ್ಟ್ ಮಹಾಪೂರದಲ್ಲಿ ಈ ಗಾಡಿ ನಮ್ಮ ಹಳ್ಳಿ ಮನೆ ಮುಂದೆ ಎರಡು ದಿನ ಸೀಟಿನ ಮಟ್ಟದ ನೀರಿನಲ್ಲಿ ನಿಂತಿತ್ತು. ನೀರು ಇಳಿದ ಮೇಲೆ ಎಂಜಿನ್ ಆಯಿಲ್, ಗೇರ್ ಆಯಿಲ್, ಎರಡೂ ಹೌಸಿಂಗ್ ಆಯಿಲ್ ಬದಲಿಸಿದೆವು. ಬ್ರೇಕ್ ಬಿಚ್ಚಿ ತೊಳೆದೆವು. ಎಲ್ಲಾ ಆಯ್ತು ಅಂದುಕೊಂಡು ಕೂತೆವು. ಚಾಸಿ (ಗಾಡಿ ಹೊರುವ ಅಡಿಯ ಉಕ್ಕಿನ ಚೌಕಟ್ಟು) ಒಳಗೆ ನೋಡಬೇಕು ಅಂತ ಒಬ್ಬರಿಗೂ ಹೊಳೆಯಲಿಲ್ಲ.

ಹೋದ ತಿಂಗಳಿಂದ ಸ್ಟೇರಿಂಗ್ ಆಟ (ತಿರುಗಿಸಿದರೂ ಚಕ್ರ ತಿರುಗದ ಸಡಿಲು) ಜಾಸ್ತಿ ಆಗಿದೆ. ಸ್ಟೇರಿಂಗ್ ಬಾಕ್ಸು ಹೋಗಿರಬೇಕು ಅಂತ ಕೆಳಗೆ ಮಲಗಿ ನೋಡಿದರೆ, ಬಾಕ್ಸು ಕೂತಿರುವ ಜಾಗದ ಹಿಂದೆ, ಬಲಗಡೆ ಚಾಸಿಯಲ್ಲೇ ನಾಲ್ಕು ಬೆರಳು ಉದ್ದದ ಬಿರುಕು. ಒಬ್ಬರು ಸ್ಟೇರಿಂಗ್ ತಿರುಗಿಸಿದರೆ ಬಿರುಕು ಬಾಯಿ ತೆಗೆದು ಮುಚ್ಚುವುದು ಕಣ್ಣಿಗೆ ಕಾಣುತ್ತದೆ. ಎದೆ ಧಸಕ್ ಅಂತು. ಹಾಗೇ ಹಿಂದೆ ಹೋಗಿ ಪಾಟಾ (ಪಟ್ಟಿ ಸ್ಪ್ರಿಂಗ್) ಚಾಸಿಗೆ ಕೂರುವ ಹ್ಯಾಂಗರ್ ಹತ್ರ ಸ್ಕ್ರೂಡ್ರೈವರಿನಿಂದ ಚುಚ್ಚಿದೆ. ಎಡಗಡೆ ಒಂದು ಜಾಗದಲ್ಲಿ ಹಪ್ಪಳಕ್ಕೆ ಚುಚ್ಚಿದ ಹಾಗೆ ಒಳಗೇ ಹೋಯಿತು.

ನಮ್ಮೂರ ವೆಲ್ಡಿಂಗ್ ಮಿಸ್ತ್ರಿಗೆ ತೋರಿಸಿದೆ. ಕಬ್ಬಿನ ಟ್ರೇಲರ್ ಮಾಡುವವರು, ಕೈ ಚೆನ್ನಾಗಿದೆ. "ಮುಂದಿಂದ ಹಿಂದಿನ ತನಕ ಎರಡೂ ಕಡೆ 8 ಎಂಎಂ ಪ್ಲೇಟ್ ಹೊಡೆದು, ಚಾಸಿಯ ತೆರೆದ ಬದಿ ಮುಚ್ಚಿ ಡಬ್ಬಿ ಮಾಡಿ ಕೊಡ್ತೀನಿ, ನಿನ್ನ ಮೊಮ್ಮಕ್ಕಳ ಕಾಲಕ್ಕೂ ಮುರಿಯಲ್ಲ" ಅಂದರು. ಇನ್ನೊಬ್ಬರು ಇದೆಲ್ಲ ಬಿಟ್ಟು ಗುಜರಿಯಿಂದ ಬೇರೆ ಚಾಸಿ ತಂದು ಹಾಕು ಅಂತಾರೆ. ನನಗೆ ಎರಡರಲ್ಲೂ ಏನೋ ಸರಿ ಕಾಣುತ್ತಿಲ್ಲ. ಗಾಡಿ ಮಾರುವ ಮಾತಂತೂ ಇಲ್ಲ, ಮಾವನ ನೆನಪು. ಗೊತ್ತಿದ್ದವರು ಹೇಳಿ.

ಗೇರ್_ಗುರು

ಬೇರೆ ಚಾಸಿ ಹಾಕಿ ಕೈ ತೊಳೆದುಕೊಳ್ಳಿ ಅಣ್ಣ. ಟಬ್ಬು (ಮೇಲಿನ ಬಾಡಿ) ಎಂಟು ಜನ ಸೇರಿದರೆ ಎತ್ತಬಹುದು. ಒಂದು ವಾರದ ಕೆಲಸ.

ಹಳೇ_ಪಾಸಿಂಗ್ (ಬೆಳಗಾವಿ)

ಮೇಲಿನವರು ಸುಮ್ನೆ ಹೇಳಿಬಿಟ್ಟರು. ಎತ್ತೋದು ಒಂದು ವಾರದ ಕೆಲಸ, ಕಾಗದ ಎಷ್ಟು ವಾರದ್ದು? ಆರ್‌ಸಿಯಲ್ಲಿ ಇರುವುದು ಚಾಸಿ ನಂಬರ್. ಚಾಸಿ ಬದಲಾಯಿತು ಅಂದರೆ ಸರ್ಕಾರದ ಲೆಕ್ಕದಲ್ಲಿ ಗಾಡಿಯೇ ಬದಲಾದ ಹಾಗೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದಕ್ಕೇ ಇರೋದು, ಆರ್‌ಸಿಯ ವಿವರ ಕಂಪನಿ ಮೊದಲು ಕೊಟ್ಟದ್ದಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಿಸಬಾರದು. ಗುಜರಿಯಲ್ಲಿ ಬಿದ್ದ ಚಾಸಿ ಯಾರದ್ದು, ಯಾವ ಕೇಸಿನದ್ದು, ನಿಮಗೆ ಗೊತ್ತಾ? ಹಳೆ ನಂಬರ್ ಕತ್ತರಿಸಿ ಇದರ ಮೇಲೆ ಬೆಸೆದುಕೊಡ್ತೀನಿ ಅಂತ ಯಾರಾದರೂ ಅಂದರೆ ಅಲ್ಲಿಂದ ಎದ್ದು ಬನ್ನಿ. ಅದು ರಿಪೇರಿ ಅಲ್ಲ, ಜೈಲಿನ ದಾರಿ.

ಮೊದಲು ನಿಮ್ಮ ನಂಬರ್ ಎಲ್ಲಿ ಹೊಡೆದಿದ್ದಾರೆ ಹುಡುಕಿ. 1994ರ ಗಾಡಿ ಅಂದರೆ 15 ವರ್ಷ ದಾಟಿ ಐದೈದು ವರ್ಷಕ್ಕೆ ಪಾಸಿಂಗ್ (ಆರ್‌ಟಿಓ ತಪಾಸಣೆ) ಮಾಡಿಸುತ್ತಿರಬೇಕು. ಅಲ್ಲಿ ಪೆನ್ಸಿಲ್ ಪ್ರಿಂಟ್ (ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚು) ಕೇಳುತ್ತಾರೆ. ಆ ಜಾಗಕ್ಕೆ ಗ್ರೈಂಡರ್ ತಾಗಬಾರದು, ವೆಲ್ಡಿಂಗ್ ಹತ್ರ ಬರಬಾರದು, ಮೇಲೆ ಪ್ಲೇಟಂತೂ ಬೇಡವೇ ಬೇಡ. ಗ್ರೀಸ್ ಬಳಿದು ಟೇಪ್ ಸುತ್ತಿ, ಕೆಲಸದವರಿಗೆ ಬೆರಳಿಟ್ಟು ತೋರಿಸಿ.

ಕಿಡಿ_ಉದ್ಯಮಬಾಗ (ಬೆಳಗಾವಿ)

ನಾನು ಫ್ಯಾಬ್ರಿಕೇಶನ್ ಕೆಲಸದವನು. ಜೀಪು, ಟಾಟಾ 407 ಲಾರಿ, ಹಳೆ ಮಿಲಿಟರಿ ಗಾಡಿ ಎಲ್ಲ ಮಾಡಿದ್ದೇನೆ. ಗುಜರಿಗೆ ಹಾಕುವ ಸ್ಥಿತಿ ಇದಲ್ಲ. ಆದರೆ ನಿಮ್ಮ ಮಿಸ್ತ್ರಿ ಹೇಳಿದ 8 ಎಂಎಂ ಮಾತ್ರ ಮಾಡಿಸಬೇಡಿ, ಕೈ ಮುಗಿಯುತ್ತೇನೆ.

ಕಾರಣ ಹೇಳ್ತೀನಿ. ಸೀಳಿದ ಗುದ್ದಲಿ ಕಾವಿಗೆ ಕಬ್ಬಿಣದ ಪಟ್ಟಿ ಬಡಿದು ನೋಡಿದ್ದೀರಲ್ವಾ? ಮುಂದಿನ ಸಲ ಮುರಿಯುವುದು ಎಲ್ಲಿ? ಪಟ್ಟಿ ಮುಗಿಯುವ ಜಾಗದಲ್ಲಿ. ಚಾಸಿಯೂ ಅಷ್ಟೇ. ಮೂರು ನಾಲ್ಕು ಎಂಎಂ ದಪ್ಪದ ಚಾಸಿಗೆ 8 ಎಂಎಂ ಹೊಡೆದರೆ ಆ ಭಾಗ ಅಲುಗಾಡುವುದೇ ಇಲ್ಲ, ಅದು ತಿನ್ನಬೇಕಾದ ಪೆಟ್ಟೆಲ್ಲ ಪ್ಲೇಟಿನ ಅಂಚಿಗೆ ಬಂದು ಕೂರುತ್ತದೆ, ಅಂಚು ವೆಲ್ಡಿಂಗಿನಲ್ಲಿ ಕಾದು ತಣ್ಣಗಾಗಿ ಮೊದಲೇ ಬಿರುಸಾಗಿರುತ್ತದೆ, ಎರಡು ಮಳೆಗಾಲ ಸಾಕು ಅಲ್ಲಿಂದ ಹೊಸ ಬಿರುಕು ಹೊರಡುವುದಕ್ಕೆ. ಟ್ರೇಲರ್ ಮಾಡುವವರನ್ನು ನಾನು ಬಯ್ಯುತ್ತಿಲ್ಲ. ಟ್ರೇಲರ್‌ಗೆ ತೂಕ ಹೊರುವುದು ಒಂದೇ ಕೆಲಸ, ದಪ್ಪ ಇದ್ದಷ್ಟೂ ಒಳ್ಳೆಯದು. ಜೀಪಿನ ಚಾಸಿ ಹಳ್ಳ ದಿನ್ನೆಯಲ್ಲಿ ತಿರುಚಿಕೊಂಡು ಮತ್ತೆ ನೇರ ಆಗಬೇಕು.

ನನಗೆ ಒಂದು ಅನುಮಾನ. ಬಿರುಕಿನ ಹತ್ರ ಹಿಂದೆ ಯಾರಾದರೂ ಪಟ್ಟಿ ಹೊಡೆದಿದ್ದಾರಾ? ಪೇಂಟು, ಆಯಿಲ್ ಮಣ್ಣು ಎಲ್ಲ ಕೆರೆದು, ವೈರ್ ಬ್ರಶ್ ಹೊಡೆದು ನೋಡಿ ಹೇಳಿ.

ಕೆರೆದ ಮೇಲೆ ಬಿರುಕು ಎಲ್ಲಿಗೆ ಮುಗಿಯುತ್ತದೆ ಅಂತ ಕಣ್ಣಳತೆಯಲ್ಲಿ ನಂಬಬೇಡಿ. ಡಿಪಿ ಟೆಸ್ಟ್ ಅಂತ ಇದೆ, ನಮ್ಮ ಉದ್ಯಮಬಾಗದ ಫೌಂಡ್ರಿಗಳಲ್ಲಿ ಎಲ್ಲರಿಗೂ ಗೊತ್ತು. ಮೂರು ಸ್ಪ್ರೇ ಡಬ್ಬಿ. ಕ್ಲೀನರ್ ಹೊಡೆದು ಒರೆಸಿ, ಕೆಂಪು ಬಣ್ಣದ್ದು ಹೊಡೆದು ಹತ್ತು ನಿಮಿಷ ಬಿಟ್ಟು ಒರೆಸಿ, ಆಮೇಲೆ ಬಿಳಿ ಪುಡಿಯದ್ದು ಹೊಡೆಯಿರಿ. ಕೂದಲಿನಷ್ಟು ಬಿರುಕಿದ್ದರೂ ಕೆಂಪು ಗೆರೆ ಎದ್ದು ಕಾಣುತ್ತದೆ. ನಿಮ್ಮ ನಾಲ್ಕು ಬೆರಳು ಆರು ಬೆರಳಾದರೂ ಆಶ್ಚರ್ಯ ಇಲ್ಲ.

ಅಲ್ಲಿಯ ತನಕ ಗಾಡಿ ಹೊರಗೆ ತೆಗೆಯಬೇಡಿ. ಸ್ಟೇರಿಂಗ್ ಬಾಕ್ಸ್ ಕಿತ್ತು ಬಂದರೆ ಗಾಡಿ ಎತ್ತ ಹೋಗುತ್ತದೆ ಅಂತ ದೇವರಿಗೂ ಹೇಳಲಿಕ್ಕಾಗದು.

ಘಟಪ್ರಭೆ_ದಂಡೆ

ಕಿಡಿ ಅಣ್ಣ, ನೀವು ಮನೆಯಲ್ಲಿ ಕೂತೇ ನೋಡಿದ ಹಾಗೆ ಹೇಳಿದ್ದೀರಿ! ಭಾನುವಾರ ಪೂರ್ತಿ ಕೆರೆದೆ. ಚಾಸಿ ಒಳಮೈಗೆ ಒಂದು ಗೇಣು ಉದ್ದದ ದಪ್ಪ ಪಟ್ಟಿ ಇದೆ. ಮಾವನ್ನ ಕೇಳಿದೆ. ಹದಿನೈದು ವರ್ಷದ ಹಿಂದೆ ಯಾರೋ ಹಳೆ ಪಾಟಾ ತುಂಡು ಬೆಸೆದಿದ್ದರಂತೆ. "ಪಾಟಾಕ್ಕಿಂತ ಗಟ್ಟಿ ಯಾವುದಿದೆ" ಅಂದಿದ್ದರಂತೆ ಆವಾಗ. ಬಿರುಕು ಶುರುವಾಗಿರುವುದು ಸರಿಯಾಗಿ ಆ ತುಂಡಿನ ಅಂಚಿನಲ್ಲಿ, ಮೇಲಿಂದ ಕೆಳಗೆ ನೇರವಾಗಿ ಹೊಡೆದ ವೆಲ್ಡಿಂಗ್ ಗೆರೆಯ ಪಕ್ಕದಲ್ಲೇ.

ಇನ್ನೊಂದು. ಆ ತುಂಡು ಮತ್ತು ಚಾಸಿ ನಡುವಿನ ಸಂದಿಯಿಂದ ಒಂದು ಹಿಡಿ ಒಣ ಮಣ್ಣು ಬಂತು. ಹೊಳೆ ಮಣ್ಣು. 2019ರಿಂದ ಅಲ್ಲೇ ಕೂತಿದೆ.

ನಂಬರ್ ಸಿಕ್ಕಿತು. ಬಿರುಕಿನಿಂದ ಒಂದೂವರೆ ಅಡಿ ಮುಂದಿದೆ, ಬಚಾವ್.

ಡೋಣಿ_ಎರೆ (ವಿಜಯಪುರ ಜಿಲ್ಲೆ)

ನಾನು ತಾಳಿಕೋಟಿ ಕಡೆಯವನು. ಬಿರುಕಿನ ವಿಷಯ ಕಿಡಿಯವರು ನೋಡಿಕೊಳ್ಳುತ್ತಾರೆ, ನಾನು ತುಕ್ಕಿನ ವಿಷಯ ಹೇಳ್ತೀನಿ, ಅದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ನಮ್ಮ ಡೋಣಿ ಹೊಳೆ ನೀರು ಉಪ್ಪು, ಮಣ್ಣು ಎರೆ. ಒಮ್ಮೆ ಮೆತ್ತಿಕೊಂಡರೆ ಒದ್ದೆ ಬಟ್ಟೆ ಸುತ್ತಿದ ಹಾಗೆ, ಮೇಲೆ ಒಣಗಿದ್ದು ಕಂಡರೂ ಒಳಗೆ ತಿಂಗಳುಗಟ್ಟಲೆ ಹಸಿ ಇರುತ್ತದೆ. ನನ್ನ ಹಳೆ ಕಮಾಂಡರ್ ಜೀಪು ಹೊರಗಿಂದ ಮದುಮಗನ ಹಾಗಿತ್ತು. ಚಾಸಿ ಒಳಗಿಂದ ತಿಂದುಹೋಗಿತ್ತು.

ಸುತ್ತಿಗೆ ತಗೊಂಡು ಮುಂದಿಂದ ಹಿಂದಿನ ತನಕ ಬಡಿಯುತ್ತಾ ಹೋಗಿ. ಠಣ್ ಅಂದರೆ ಸರಿ. ದಪ್ ಅಂದರೆ ಅಲ್ಲಿ ಸುಣ್ಣದ ಗುರುತು ಹಾಕಿ. ಕ್ರಾಸ್ ಮೆಂಬರ್ (ಚಾಸಿಯ ಎರಡು ಕಾಲು ಜೋಡಿಸುವ ಅಡ್ಡಪಟ್ಟಿ) ರಿವೆಟ್ ಸುತ್ತ ಕೆಂಪು ನೀರು ಇಳಿದ ಗುರುತಿದ್ದರೆ ಆ ರಿವೆಟ್ ಸಡಿಲಾಗಿದೆ ಅಂತ ಅರ್ಥ. ರಿವೆಟ್ ತಲೆಗೆ ವೆಲ್ಡಿಂಗ್ ಹಚ್ಚಬೇಡಿ, ಸಡಿಲು ಸಡಿಲಾಗಿಯೇ ಉಳಿಯುತ್ತದೆ, ಮೇಲೆ ಸುತ್ತಲಿನ ಲೋಹ ಬೇರೆ ಕೆಡುತ್ತದೆ. ಕೊರೆದು ತೆಗೆದು, ತೂತಿಗೆ ರೀಮರ್ (ತೂತು ನುಣ್ಣಗೆ ಅಳತೆಗೆ ತರುವ ಉಪಕರಣ) ಹಾಕಿ, ಬಿಗಿಯಾಗಿ ಕೂರುವ 10.9 ಗ್ರೇಡಿನ ಗಟ್ಟಿ ಬೋಲ್ಟ್ ಹಾಕಿ. ಬೋಲ್ಟ್ ತಲೆ ಮೇಲೆ ನಂಬರ್ ಇರುತ್ತದೆ, ನೋಡಿಯೇ ತಗೊಳ್ಳಿ.

ಹಪ್ಪಳ ಆದ ಜಾಗದ ಮೇಲೆ ಹೊಸ ಪತ್ರಾ ಅಂಟಿಸುವುದು ಬೇಡ. ತುಕ್ಕಿನ ಮೇಲೆ ವೆಲ್ಡಿಂಗ್ ಹಿಡಿಯುವುದಿಲ್ಲ, ಹಿಡಿದರೂ ಒಳಗೆ ತುಕ್ಕು ಬೆಳೆಯುತ್ತಲೇ ಇರುತ್ತದೆ. ಸುತ್ತ ಹೊಳೆಯುವ ಗಟ್ಟಿ ಲೋಹ ಸಿಗುವ ತನಕ ಕತ್ತರಿಸಿ ತೆಗೆದು, ಅಷ್ಟೇ ದಪ್ಪದ ತುಂಡು ಕೂರಿಸಿ.

ತೊಳೆಯುವುದು ಅಂದರೆ ಸರ್ವಿಸ್ ಸ್ಟೇಶನ್ನಿನ ಜೋರು ನೀರು ಪ್ರತಿ ತೂತಿನಿಂದ ಒಳಗೆ ಬಿಡಬೇಕು, ಹೊರಗೆ ತಿಳಿ ನೀರು ಬರುವ ತನಕ. ಆಮೇಲೆ ಮೂರು ದಿನ ಬಿಸಿಲಿಗೆ ಬಿಡಿ. ಬಿಸಿಲಿಗೇನೂ ಬರ ಇಲ್ಲವಲ್ಲ ನಮ್ಮ ಕಡೆ.

ಕೋಟೆ_ಜೀಪು (ಬಾಗಲಕೋಟೆ)

ಕಿಡಿ ಸರ್ ಮಾತಿಗೆ ನನ್ನದೊಂದು ಸಣ್ಣ ತಕರಾರು. ಚಾಸಿ ತಿರುಚಿಕೊಳ್ಳಬೇಕು ಅಂತೀರಿ, ಆದರೆ ಈಗಿನ ದೊಡ್ಡ ಫೋರ್ ವೀಲ್ ಗಾಡಿಗಳ ಚಾಸಿ ಪೂರ್ತಿ ಡಬ್ಬಿಯೇ ಅಲ್ವಾ? ಅವು ಮುರಿಯುತ್ತಿಲ್ಲವಲ್ಲ. ಪ್ಲೇಟ್ ತೆಳ್ಳಗೆ ಹಾಕಿ ಪೂರ್ತಿ ಡಬ್ಬಿ ಮಾಡಿದರೆ ತಪ್ಪೇನು?

ಕಿಡಿ_ಉದ್ಯಮಬಾಗ

ಒಳ್ಳೆ ಪ್ರಶ್ನೆ. ಒಂದು ಪಿವಿಸಿ ಪೈಪ್ ತುಂಡು ತಗೊಂಡು ಕೈಯಲ್ಲಿ ತಿರುಚಿ ನೋಡಿ, ಜಪ್ಪಯ್ಯ ಅಂದರೂ ತಿರುಗಲ್ಲ. ಅದನ್ನೇ ಉದ್ದಕ್ಕೆ ಒಂದು ಗೆರೆ ಸೀಳಿ ಮತ್ತೆ ತಿರುಚಿ. ಚಿಕ್ಕ ಹುಡುಗ ಕೂಡ ತಿರುಚುತ್ತಾನೆ. ಡಬ್ಬಿಗೂ, ನಮ್ಮ ಜೀಪಿನ ಚಾಸಿಯಂಥ ಒಂದು ಬದಿ ತೆರೆದ ಚಾನೆಲ್‌ಗೂ ಇರುವ ವ್ಯತ್ಯಾಸ ಅದು. ಈಗಿನ ಗಾಡಿಯಲ್ಲಿ ಚಾಸಿ ಬಿಗಿ ಮಾಡಿ, ಏಳುಬೀಳನ್ನೆಲ್ಲ ಉದ್ದ ಆಟದ ಕಾಯಿಲ್ ಸ್ಪ್ರಿಂಗಿಗೆ ಬಿಟ್ಟಿರುತ್ತಾರೆ. ಕ್ರಾಸ್ ಮೆಂಬರ್, ಜೋಡಣೆ, ಎಲ್ಲವನ್ನೂ ಆ ಲೆಕ್ಕದಲ್ಲೇ ಮಾಡಿರುತ್ತಾರೆ. ನಮ್ಮ ಹಳೆ ಜೀಪಿನಲ್ಲಿ ಪಾಟಾ ಬಿರುಸು, ಆಟ ಕಡಿಮೆ, ಉಳಿದ ಆಟವನ್ನು ಚಾಸಿಯೇ ಕೊಡುತ್ತದೆ. ಉದ್ದದ ಎರಡು ಕಾಲುಗಳನ್ನು ಮಾತ್ರ ಡಬ್ಬಿ ಮಾಡಿ, ರಿವೆಟ್ ಹೊಡೆದ ಹಳೆ ಕ್ರಾಸ್ ಮೆಂಬರ್ ಹಾಗೇ ಬಿಟ್ಟರೆ ಆ ಜೋರೆಲ್ಲ ರಿವೆಟ್ಟಿನ ಮೇಲೆ.

ಸ್ಟೇರಿಂಗ್ ಬಾಕ್ಸ್ ಕೂರುವ ಜಾಗ, ಪಾಟಾ ಹ್ಯಾಂಗರ್ ಕೂರುವ ಜಾಗ, ಇಷ್ಟನ್ನು ಮುಚ್ಚುವುದು ಸರಿ. ಮುಚ್ಚಿದ ಕಡೆ ಪ್ಲೇಟಿನ ತಳದಲ್ಲಿ ನೀರು ಇಳಿಯಲು ತೂತು ಬಿಡಬೇಕು. ಬೋಲ್ಟ್ ಆರುಪಾರು ಹೋಗುವ ಕಡೆ ಒಳಗೆ ಪೈಪ್ ಬುಶ್ ಬೆಸೆಯಬೇಕು, ಇಲ್ಲಾಂದ್ರೆ ಬಿಗಿ ಮಾಡಿದಾಗ ಡಬ್ಬಿ ಸೊಟ್ಟಗಾಗುತ್ತದೆ.

ಕೋಟೆ_ಜೀಪು (ಬಾಗಲಕೋಟೆ)

ಪೈಪ್ ಉದಾಹರಣೆಗೆ ಶರಣು. ನಿಜ ಹೇಳಬೇಕೆಂದರೆ ನನ್ನ ಗಾಡಿ ಪೂರ್ತಿ ಡಬ್ಬಿ ಮಾಡಿಸಿ ಒಂದೂವರೆ ವರ್ಷ ಆಯ್ತು, ಈ ದೀಪಾವಳಿಯಲ್ಲಿ ತೊಳೆಯುವಾಗ ನಡುವಿನ ಕ್ರಾಸ್ ಮೆಂಬರಿನ ಎರಡು ರಿವೆಟ್ ಅಲುಗಾಡುತ್ತಿದ್ದವು. ಹಳೆ ರಿವೆಟ್ ಅಂತ ಸುಮ್ಮನಾಗಿದ್ದೆ. ಈಗ ಹೋಗಿ ಮತ್ತೆ ನೋಡಬೇಕು.

ಕಿಡಿ_ಉದ್ಯಮಬಾಗ

ನೋಡಿ, ಇವತ್ತೇ ನೋಡಿ.

ಈಗ ಗೋಕಾಕಿನವರ ಗಾಡಿಗೆ ಬರೋಣ. ಆ ಪಾಟಾ ತುಂಡೇ ಕಳ್ಳ. ಪಾಟಾ ಗಟ್ಟಿ ಅನ್ನೋದು ನಿಜ, ಆದರೆ ಅದರಲ್ಲಿ ಕಾರ್ಬನ್ ಜಾಸ್ತಿ. ವೆಲ್ಡಿಂಗ್ ಮಾಡಿ ಬಿಟ್ಟರೆ ಆ ಗೆರೆಯಲ್ಲಿ ಗಾಜಿನ ಹಾಗೆ ಪೆಡಸಾಗುತ್ತದೆ. ಚಾಸಿಗೆ ಸಾದಾ ಮೈಲ್ಡ್ ಸ್ಟೀಲ್ ಪ್ಲೇಟೇ ಸರಿ, ಚಾಸಿ ಎಷ್ಟು ದಪ್ಪವೋ ಅಷ್ಟೇ ದಪ್ಪ. ತುಂಡನ್ನು ಗ್ರೈಂಡರಿನಲ್ಲಿ ನಿಧಾನ ಕತ್ತರಿಸಿ ತೆಗೆಯಿರಿ. ಗ್ಯಾಸ್ ಕಟಿಂಗ್ ಬೇಡ, ಚಾಸಿಯೂ ಜೊತೆಗೆ ಬೇಯುತ್ತದೆ.

ಕೆಲಸಕ್ಕೆ ಮೊದಲು ಅಳತೆ. ಸಮತಟ್ಟಾದ ನೆಲದಲ್ಲಿ ನಾಲ್ಕು ಸ್ಟ್ಯಾಂಡ್ ಮೇಲೆ ಗಾಡಿ ಕೂರಿಸಿ, ಗೌಂಡಿಗಳು ಗೋಡೆ ನೇರ ನೋಡುವ ತೂಗುಗುಂಡು ಇದೆಯಲ್ಲ, ಅದನ್ನು ಮುಂದಿನ ಎರಡು ಹ್ಯಾಂಗರ್, ಹಿಂದಿನ ಎರಡು ಹ್ಯಾಂಗರ್ ಪಿನ್ನಿನಿಂದ ಇಳಿಬಿಟ್ಟು ನೆಲದಲ್ಲಿ ಚುಕ್ಕಿ ಹಾಕಿ. ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪ್ ಹಿಡಿಯಿರಿ. ಐದಾರು ಎಂಎಂ ಒಳಗೆ ವ್ಯತ್ಯಾಸ ಇದ್ದರೆ ಚಿಂತೆ ಇಲ್ಲ. ಜಾಸ್ತಿ ಇದ್ದರೆ ಮೊದಲು ನೇರ ಮಾಡಿಸಿ, ಆಮೇಲೆ ಬೆಸುಗೆ. ಸೊಟ್ಟ ಇದ್ದಾಗಲೇ ಬೆಸೆದರೆ ಸೊಟ್ಟವೇ ಖಾಯಂ. ಈ ಚುಕ್ಕಿ ಅಳಿಸಬೇಡಿ, ಕೆಲಸ ಮುಗಿದ ಮೇಲೂ ಒಮ್ಮೆ ನೋಡಬೇಕು.

ಬ್ಯಾಟರಿ ಎರಡೂ ವೈರ್ ತೆಗೆಯಿರಿ, ಆಲ್ಟರ್ನೇಟರ್ ವೈರೂ ತೆಗೆಯಿರಿ. ಡೀಸೆಲ್ ಟ್ಯಾಂಕ್ ಬಿಚ್ಚಿ ದೂರ ಇಡಿ, ಖಾಲಿ ಇದೆ ಅಂತ ಪಕ್ಕದಲ್ಲೇ ಬಿಡಬೇಡಿ, ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕೇ ಹೆಚ್ಚು ಅಪಾಯ. ಬ್ರೇಕ್ ಪೈಪ್ ಸರಿಸಿ. ಅರ್ಥಿಂಗ್ ಕ್ಲಾಂಪನ್ನು ಬೆಸುಗೆಯ ಒಂದು ಗೇಣಿನ ಒಳಗೆ, ಕೆರೆದ ಜಾಗಕ್ಕೆ ಹಚ್ಚಿ. ಎಲ್ಲೋ ಬಂಪರಿಗೆ ಹಚ್ಚಿದರೆ ಕರೆಂಟು ಬೇರಿಂಗ್ ಒಳಗಿಂದ ದಾರಿ ಹುಡುಕಿ ಅದನ್ನು ಸುಡುತ್ತದೆ.

ಬಿರುಕಿನ ಎರಡೂ ತುದಿಗೆ, ಡಿಪಿ ತೋರಿಸಿದ ತುದಿಗೆ, ನಾಲ್ಕೈದು ಎಂಎಂ ತೂತು ಕೊರೆಯಿರಿ. ಬಿರುಕು ಅಲ್ಲಿಗೆ ನಿಲ್ಲುತ್ತದೆ. ಬಿರುಕಿನ ಉದ್ದಕ್ಕೂ ಗ್ರೈಂಡರಿನಲ್ಲಿ ವಿ ಆಕಾರದ ಕಾಲುವೆ ತೆಗೆದು ಆಳದ ತನಕ ತುಂಬಬೇಕು. ಮೇಲೆ ಮೇಲೆ ಒಂದು ಗೆರೆ ಎಳೆದರೆ ಅದು ಗಾಯಕ್ಕೆ ಅರಿಶಿನ ಸವರಿದ ಹಾಗೆ, ಅಷ್ಟೇ. ತುಂಬಿದ್ದನ್ನು ನುಣ್ಣಗೆ ಉಜ್ಜಿ, ಮತ್ತೊಮ್ಮೆ ಡಿಪಿ ಹೊಡೆದು, ಆಮೇಲೆ ಪಟ್ಟಿ.

ವೆಲ್ಡಿಂಗ್ ರಾಡ್ ವಿಷಯದಲ್ಲಿ ಜಗಳ ಆಡಿ. ಎಲ್ಲ ಕಡೆ ಇರುವುದು 6013 ನಂಬರಿನ ರಾಡ್, ಗೇಟು ಗ್ರಿಲ್ಲಿಗೆ ಚೆನ್ನ. ಇದಕ್ಕೆ 7018 ಬೇಕು. ಅದು ಹಳೆ ಟ್ರಾನ್ಸ್‌ಫಾರ್ಮರ್ ಮೆಶಿನ್ನಿನಲ್ಲಿ ಸರಿಯಾಗಿ ಉರಿಯಲ್ಲ, ಡಿಸಿ ಇನ್ವರ್ಟರ್ ಮೆಶಿನ್ ಇರುವವರ ಹತ್ರ ಹೋಗಿ, ರಾಡ್ ಪ್ಲಸ್ಸಿಗೆ ಹಾಕಿಸಿ. ಒದ್ದೆ ಹಿಡಿದ 7018 ಹಾಕಿದರೆ 7018 ಹಾಕಿಯೂ ಉಪಯೋಗ ಇಲ್ಲ. ಒಲೆಯಲ್ಲಿ ಕಾಯಿಸಿಟ್ಟ ರಾಡ್ ಇರಬೇಕು. ಮಿಗ್ (ರಾಡ್ ಬದಲು ತಂತಿ ಸುರುಳಿಯಿಂದ ಬೆಸೆಯುವ ಮೆಶಿನ್) ಇದ್ದರೂ ನಡೆಯುತ್ತದೆ.

ಪಟ್ಟಿಯ ಎರಡೂ ತುದಿ ನೇರ ಇರಬಾರದು. ಓರೆಯಾಗಿ, ಚೂಪಾಗಿ ಕತ್ತರಿಸಿ. ಆಗ ಬೆಸುಗೆ ಗೆರೆ ಮೇಲಿಂದ ಕೆಳಗೆ ಒಂದೇ ಜಾಗದಲ್ಲಿ ಚಾಸಿಯನ್ನು ಕೊಯ್ಯುವುದಿಲ್ಲ, ಉದ್ದಕ್ಕೆ ಹಂಚಿಹೋಗುತ್ತದೆ. ನಿಮ್ಮ ಮಾವನ ಕಾಲದ ತುಂಡು ಮಾಡಿದ ತಪ್ಪು ಇದೇ. ಪಟ್ಟಿ ನಡುವೆ ಎರಡು ಮೂರು ದೊಡ್ಡ ತೂತು ಕೊರೆದು ಅದರ ಅಂಚಿಗೂ ಬೆಸೆಯಿರಿ, ಹಿಡಿತ ಸಿಗುತ್ತದೆ. ಚಾನೆಲ್ಲಿನ ಮೇಲಿನ ಮತ್ತು ಕೆಳಗಿನ ಮಡಿಕೆಗೆ ಅಡ್ಡ ಬೆಸುಗೆ ಬೇಡ, ತೂತು ಬೇಡ, ಜೋರೆಲ್ಲ ಇರುವುದು ಅಲ್ಲೇ. ಒಂದೇ ಉಸಿರಿನಲ್ಲಿ ಎಳೆಯಬೇಡಿ. ಎರಡು ಬೆರಳು ಇಲ್ಲಿ, ಎರಡು ಬೆರಳು ಅಲ್ಲಿ, ನಡುವೆ ಒಂದು ಚಹಾ. ನೀರು ಸುರಿದು ತಣ್ಣಗೆ ಮಾಡಿದರೆ ಮಾತ್ರ ನನಗೆ ಫೋಟೋ ಕಳಿಸಬೇಡಿ.

ಡೋಣಿ_ಎರೆ

ಕೊನೆಗೆ ಒಳಗೆ ಏನು ಹಾಕುತ್ತೀರಿ? ನಮ್ಮ ಕಡೆ ಸುಟ್ಟ ಎಂಜಿನ್ ಆಯಿಲ್ ಹೊಡೆಯುತ್ತಾರೆ. ಏನೂ ಇಲ್ಲದ್ದಕ್ಕಿಂತ ಪರವಾಗಿಲ್ಲ, ಆದರೆ ಧೂಳು ಹಿಡಿದು ಹಿಟ್ಟಾಗುತ್ತದೆ, ರಬ್ಬರ್ ಬುಶ್ ಊದಿಕೊಳ್ಳುತ್ತದೆ. ಹೊರಗೆ ಎಪಾಕ್ಸಿ ಪ್ರೈಮರ್, ಒಳಗೆ ಉದ್ದ ನಳಿಗೆಯಿಂದ ವ್ಯಾಕ್ಸ್ ಹೊಡೆಸಿ. ಬೆಸುಗೆ ಆದ ಮೇಲೆ, ಮೊದಲಲ್ಲ. ಮೊದಲೇ ಹೊಡೆದರೆ ಹೊತ್ತಿಕೊಳ್ಳುತ್ತದೆ. ನಾನು ಮಾಡಿಕೊಂಡಿದ್ದೇನೆ, ಕೇಳಬೇಡಿ.

ಘಟಪ್ರಭೆ_ದಂಡೆ

ಮೂರು ವಾರದ ಮೇಲೆ ಬರುತ್ತಿದ್ದೇನೆ, ಕ್ಷಮಿಸಿ. ಕಬ್ಬಿನ ಕಟಾವು ನಡುವೆ ಬಂತು.

ಡಿಪಿಯಲ್ಲಿ ಬಿರುಕು ಏಳು ಬೆರಳು ಆಯಿತು. ಕಿಡಿ ಅಣ್ಣ ಆರು ಅಂದಿದ್ದರು, ಒಂದು ಬೆರಳು ಸೋತರು. ಮೂಲೆ ಅಳತೆ 4 ಎಂಎಂ ವ್ಯತ್ಯಾಸ, ಹಾಗಾಗಿ ನೇರ ಮಾಡಿಸುವ ಖರ್ಚು ಉಳಿಯಿತು. ಕೆಲಸ ಮಾಡಿದ್ದು ನಮ್ಮೂರ ಮಿಸ್ತ್ರಿಯೇ. ಮೊದಲು ಒಪ್ಪಲಿಲ್ಲ. ಹಳೆ ಪಾಟಾ ತುಂಡಿನ ಅಂಚಿಗೆ ಕೆಂಪು ಗೆರೆ ಎದ್ದದ್ದನ್ನು ಕಣ್ಣಾರೆ ನೋಡಿದ ಮೇಲೆ ಒಂದು ನಿಮಿಷ ಮಾತಾಡಲಿಲ್ಲ, ಆಮೇಲೆ ಅಳಿಯನ ಇನ್ವರ್ಟರ್ ಮೆಶಿನ್ ತರಿಸಿದರು. ಪಟ್ಟಿಯನ್ನು ಓರೆಯಾಗಿ ಕತ್ತರಿಸಿ ಅಂದಾಗ "ಇದೇನು ಗಾಳಿಪಟ ಮಾಡ್ತಿದ್ದೀಯೇನೋ ತಮ್ಮಾ" ಅಂತ ನಕ್ಕರು. ಈಗ ಟ್ರೇಲರಿನ ಹುಕ್ಕಿನ ಹತ್ರದ ಪ್ಲೇಟನ್ನೂ ಹಾಗೇ ಕತ್ತರಿಸುತ್ತಿದ್ದಾರೆ, ನಾನೇನೂ ಹೇಳಲಿಲ್ಲ.

ಹಿಂದಿನ ಎಡಗಡೆ ಒಂದು ಮೊಳ ಕತ್ತರಿಸಿ ಹೊಸದು ಕೂರಿಸಿದೆವು. ಒಳಗಿಂದ ಬಂದ ಮಣ್ಣನ್ನು ತೂಕ ಮಾಡಿದ್ದರೆ ಎರಡು ಕೆಜಿ ಬರುತ್ತಿತ್ತೇನೋ. ಸಡಿಲ ರಿವೆಟ್ ನಾಲ್ಕು ಸಿಕ್ಕವು, ಬೋಲ್ಟ್ ಹಾಕಿದ್ದಾಗಿದೆ. ಸ್ಟೇರಿಂಗ್ ಆಟ ಪೂರ್ತಿ ಹೋಗಿದೆ, ಮಾವನ್ನ ಪಕ್ಕ ಕೂರಿಸಿಕೊಂಡು ಹೊಲದ ದಾರಿಯಲ್ಲಿ ಒಂದು ಸುತ್ತು ಹೊಡೆದೆ.

ಹಿಂದಿನ ಶಾಕಲ್ (ಪಾಟಾ ತುದಿ ಚಾಸಿಗೆ ಜೋಡಿಸುವ ಕೊಂಡಿ) ಬುಶ್ ಮಾತ್ರ ಇಲ್ಲಿ ಸಿಗುತ್ತಿಲ್ಲ, ಸಿಕ್ಕಿದ್ದು ಒಂದು ನೂಲು ದೊಡ್ಡದು. ಬೆಳಗಾವಿಯಲ್ಲಿ ಸರಿಯಾದ ಅಳತೆಯದ್ದು ಯಾರ ಹತ್ರ ಇರುತ್ತದೆ? ಸೋಮವಾರ ಆ ಕಡೆ ಬರುತ್ತಿದ್ದೇನೆ.

ಕಿಡಿ_ಉದ್ಯಮಬಾಗ

ಹಳೆ ಬುಶ್ ಒಂದು ಜೇಬಿನಲ್ಲಿ ಹಾಕಿಕೊಂಡು ಬನ್ನಿ, ಸಿಗದಿದ್ದರೆ ಲೇಥಿನಲ್ಲಿ ಮಾಡಿಸೋಣ. ಬರುವಾಗ ಕರದಂಟು ಮರೀಬೇಡಿ.